ಕಸದ ಬುಟ್ಟಿ ತೂಗಿದ ಮಗಳು

ಜಯಮ್ಮ: ಎಂ.ಎಸ್ಸಿ. ಮುಗಿಸಿ ನಮ್ಮನೆ ಕಸದ ಬುಟ್ಟಿ ತೂಗಿದ್ಯಾ?

ಗಾಜುವಾಕದ ಬಾಡಿಗೆ ಮನೆಯಲ್ಲಿ ಜಯಮ್ಮ ಮಗಳ ವರದಿ ಹಿಡಿದು ನಿಂತಿದ್ದರು. ಸೋಮವಾರ ವಿಜಯವಾಡದಲ್ಲಿ ಕೆಲಸಕ್ಕೆ ಸೇರಬೇಕಿದ್ದ ಪ್ರತ್ಯೂಷಾ ಬಟ್ಟೆ ಮಡಿಸುತ್ತಿದ್ದಳು. ತೆಲುಗು ಮನೆಮಾತಿನ ತಂದೆ ಜಗನ್ಮೋಹನ್ ಪೇಪರ್ ಓದುತ್ತಿದ್ದರು.

ಪ್ರತ್ಯೂಷಾ: ಅದೇ ಪರೀಕ್ಷೆ ಕಣಮ್ಮ. ಒಂದು ಮನೇಲಿ ವಾರಕ್ಕೆ ಎಷ್ಟು ಊಟ ವೇಸ್ಟ್ ಆಗುತ್ತೆ, ಬರೆದು ಕಳಿಸಿ ಅಂದ್ರು. ಕಳಿಸ್ದೆ, ಕೆಲಸ ಸಿಕ್ತು.

ಜಯಮ್ಮ: ಸಿಂಹಾಚಲಂ ಗುಡೀಲಿ ಪಕ್ಕದ್ಮನೆ ಲಕ್ಷ್ಮೀಪ್ರಸನ್ನ ಸಿಕ್ಕಿದ್ರು. ಮಗಳಿಗೆ ಫುಡ್ ಪಾಲಿಸೀಲಿ ಕೆಲಸ ಅಂದೆ. ಪ್ರೀಮಿಯಂ ಎಷ್ಟು ಅಂತ ಕೇಳಿದ್ರು.

ಪ್ರತ್ಯೂಷಾ: ಇನ್ಶೂರೆನ್ಸ್ ಅಲ್ಲಮ್ಮ. ಹಾಸ್ಟೆಲ್, ಅಂಗನವಾಡಿಗೆ ತರಕಾರಿ ಎಲ್ಲಿಂದ ಬರ್ಬೇಕು, ಮಿಕ್ಕಿದ್ದು ಎಲ್ಲಿಗೆ ಹೋಗ್ಬೇಕು, ಭೂಮಿ ಕೆಡದ ಹಾಗೆ ಏನು ಬೆಳೀಬೇಕು, ಇದೆಲ್ಲ ನೋಡಿ ಸರ್ಕಾರಕ್ಕೆ ಸಲಹೆ ಕೊಡೋದು.

ಜಯಮ್ಮ: ಕೊತ್ತಂಬರಿ ತಾ ಅಂದ್ರೆ ಪುದೀನ ತರ್ತೀಯ. ನೀನು ಸರ್ಕಾರಕ್ಕೆ ಹೇಳ್ತೀಯ?

ಪ್ರತ್ಯೂಷಾ: ಒಂದೇ ಸಲ ಆಗಿದ್ದು ಅದು.

ಜಯಮ್ಮ: ಅದಿರಲಿ, ಇಲ್ನೋಡು. 'ಈ ಮನೆಯಿಂದ ವಾರಕ್ಕೆ ಒಂದೂವರೆ ಕೆಜಿ ಊಟ ಕಸಕ್ಕೆ.' ಹಿರಿಯೂರಿಂದ ಮದುವೆಯಾಗಿ ಬಂದು ಇಪ್ಪತ್ತಾರು ವರ್ಷ ಆಯ್ತು, ಒಂದಗುಳು ಚೆಲ್ಲಿದೋಳಲ್ಲ ನಾನು. ತಿದ್ದಿ ಕಳಿಸು. ಅಲ್ಲೀತನಕ ವಿಜಯವಾಡ ಇಲ್ಲ.

ಪ್ರತ್ಯೂಷಾ: ತಿದ್ದಿದ್ರೆ ಸುಳ್ಳಾಗುತ್ತಮ್ಮ.

ಜಯಮ್ಮ: ಹಾಗಾದ್ರೆ ನಾನೇನು ಚೆಲ್ಲಿದ್ದೆ, ಹೇಳು.

ಪ್ರತ್ಯೂಷಾ ತಂದೆಯ ಕಡೆ ನೋಡಿದಳು. ಪೇಪರ್ ಇನ್ನಷ್ಟು ಮೇಲೇರಿ ಅವರ ಮುಖವನ್ನು ಪೂರ್ತಿ ಮುಚ್ಚಿತು.

ಪ್ರತ್ಯೂಷಾ: ರಾಗಿಮುದ್ದೆ. ಐದು. ಕವರಲ್ಲಿ ಸುತ್ತಿ, ಬಾಳೆಹಣ್ಣಿನ ಸಿಪ್ಪೆ ಕೆಳಗೆ ಇಟ್ಟಿದ್ರು.

ಜಯಮ್ಮ: ರೀ.

ಜಗನ್ಮೋಹನ್: ಅದಿ ಕಾದು ಜಯಾ, ಹಾಗಲ್ಲ... ಶುಗರ್‌ಗೆ ಒಳ್ಳೇದು ಅಂತ ನೀನು ಅಷ್ಟು ಪ್ರೀತಿಯಿಂದ ಮಾಡ್ತಿ. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ.

ಜಯಮ್ಮ: ದಿನಾ 'ಚಾಲಾ ಬಾಗುಂದಿ', ತುಂಬಾ ಚೆನ್ನಾಗಿದೆ ಅಂತಿದ್ರಲ್ಲ?

ಜಗನ್ಮೋಹನ್: ಸಾರು ಬಾಗುಂದಿ.

ಜಯಮ್ಮ ವರದಿಯನ್ನು ಮತ್ತೊಮ್ಮೆ ಓದಿದರು, ಈ ಸಲ ನಿಧಾನವಾಗಿ. ಆಮೇಲೆ ನೀಟಾಗಿ ಮಡಿಚಿ ಮಗಳ ಸೂಟ್‌ಕೇಸಿನೊಳಗೆ ಇಟ್ಟರು.

ಜಯಮ್ಮ: ಹೋಗಿ ಬಾ ತಾಯಿ. ಇಷ್ಟು ವರ್ಷ ನನಗೆ ಗೊತ್ತಾಗದ್ದನ್ನ ಒಂದೇ ವಾರದಲ್ಲಿ ಹಿಡಿದ್ಯಲ್ಲ, ಸರ್ಕಾರಕ್ಕೆ ನಿನ್ನಂಥೋಳೇ ಬೇಕು. ರೀ, ನಾಳೆಯಿಂದ ನೀವು ಉಣ್ಣೋವಾಗ ನಾನು ಎದುರಿಗೇ ಕೂತಿರ್ತೀನಿ.

ಜಗನ್ಮೋಹನ್ ಪೇಪರ್ ಕೆಳಗಿಟ್ಟು ಮಗಳ ಕಡೆ ವಾಲಿದರು.

ಜಗನ್ಮೋಹನ್: ಅಮ್ಮಾ ಪ್ರತ್ಯೂ, ವಿಜಯವಾಡದಲ್ಲಿ ನಿನ್ನ ರೂಮಿಗೆ ಇನ್ನೊಬ್ಬರು ಬರಬಹುದಾ?