ಕೊನೆಯ ಸುತ್ತು ಮತ್ತು ಒಂದು ಖಾಲಿ ಡ್ರಮ್ಮು

ಮನುಷ್ಯನಿಗೆ ತನಗೆ ಏನೇನೂ ಸಂಬಂಧವಿಲ್ಲದ ಒಂದು ವಿಷಯದ ಹುಚ್ಚು ಇರಲೇಬೇಕೆಂದು ಕಾಣುತ್ತದೆ. ಈಜು ಬಾರದವರು ಹಡಗಿನ ಬಗ್ಗೆ ಮಾತನಾಡುತ್ತಾರೆ. ಗಂಜಿ ಕುಡಿದುಕೊಂಡಿರಿ ಎಂದು ಡಾಕ್ಟರಿಂದ ಹೇಳಿಸಿಕೊಂಡವರು ಹೋಳಿಗೆಯ ಬಗ್ಗೆ ಮಾತನಾಡುತ್ತಾರೆ. ನನಗೆ ಹಿಡಿದದ್ದು ಮೋಟಾರು ರೇಸಿನ ಹುಚ್ಚು. ನನಗೆ ಮೋಟಾರು ನಡೆಸಲು ಬರುವುದಿಲ್ಲ. ಬರುವುದು ಸೈಕಲ್ಲು, ಅದನ್ನೂ ಧಾರವಾಡದ ಏರು ಬಂದಾಗ ಇಳಿದು ತಳ್ಳಿಕೊಂಡೇ ಹೋಗುತ್ತೇನೆ. ಆದರೂ ಶಾಲೆಗೆ ಹೋಗುವ ದಿನಗಳಿಂದ ವಾಚನಾಲಯದ ವಿಲಾಯತಿ ಪತ್ರಿಕೆಗಳಲ್ಲಿ ರೇಸು ಕಾರುಗಳ ಚಿತ್ರ ನೋಡಿ ನೋಡಿ, ಯಾವ ತಿರುವಿನಲ್ಲಿ ಯಾವ ಗೇರು ಹಾಕಬೇಕೆಂದು ಹೇಳುವಷ್ಟು ಪಂಡಿತನಾಗಿದ್ದೆ. ಸಂಜೆ ಚಹಾದಂಗಡಿಯಲ್ಲಿ ನಾನು ಈ ವಿಷಯ ತೆಗೆದರೆ ಗೆಳೆಯರು ಎದ್ದು ಹೋಗುತ್ತಿರಲಿಲ್ಲ. ಚಹಾ ಕುಡಿಸುವವನು ನಾನೇ ಆದ್ದರಿಂದ ಅದು ನನ್ನ ಪಾಂಡಿತ್ಯದ ಮಹಿಮೆಯೆಂದು ಖಂಡಿತವಾಗಿ ಹೇಳಲಾರೆ.

ಹೀಗೆ ಸುಖವಾಗಿದ್ದ ನನ್ನನ್ನು ಕೆಡಿಸಿದವನು ನಮ್ಮ ಕಚೇರಿಯ ಗುರುಪಾದಪ್ಪ. ಒಂದು ದಿನ ನಾನು ಚಹಾದ ಬಸಿಯನ್ನು ಸ್ಟೀರಿಂಗಿನಂತೆ ಹಿಡಿದು ತಿರುವಿನ ಮರ್ಮ ವಿವರಿಸುತ್ತಿರುವಾಗ ಅವನು ತಣ್ಣಗೆ ಕೇಳಿದ:

"ಅಲ್ರೀ, ನೀವು ಖರೇ ಖರೇ ಒಂದರ ರೇಸು ನೋಡೀರೇನ್ರಿ?"

"ಚಿತ್ರದಾಗ ಬೇಕಾದಷ್ಟು ನೋಡೇನಿ," ಎಂದೆ.

"ಚಿತ್ರದಾಗ ಎಲ್ಲಾ ಕಾರೂ ನಿಂತಿರ್ತಾವಲ್ರಿ."

ಎಲ್ಲರೂ ನಕ್ಕರು. ನನಗೆ ಅವತ್ತು ರಾತ್ರಿ ರೊಟ್ಟಿ ಇಳಿಯಲಿಲ್ಲ. ಆ ವರ್ಷ ಚಳಿಗಾಲದಲ್ಲಿ ಮದ್ರಾಸಿನ ಹೊರಗೆ ಒಂದು ಹಳೆಯ ವಿಮಾನ ನಿಲ್ದಾಣದ ಬಯಲಿನಲ್ಲಿ ದೊಡ್ಡ ರೇಸು ಇದೆಯೆಂದು ತಿಳಿದಾಗ ರಜೆ ಹಾಕಿಯೇಬಿಟ್ಟೆ. ಗೆಲ್ಲುವ ಕಾರು ಗೆರೆ ದಾಟುವುದನ್ನು ನನ್ನ ಕಣ್ಣಿನಿಂದಲೇ ನೋಡಬೇಕು, ಬಂದು ಗುರುಪಾದಪ್ಪನ ಬಾಯಿ ಮುಚ್ಚಿಸಬೇಕು, ಇಷ್ಟೇ ನನ್ನ ಹಟ. ಹೆಂಡತಿ ಸುಶೀಲಾ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿ ಕೊಡುತ್ತ, "ಹೋಗಿ ಬರ್ರಿ. ಬಂದ ಮ್ಯಾಲೆ ಯಾರು ಗೆದ್ರು ಅನ್ನೋದಷ್ಟ ಹೇಳ್ರಿ. ಇಷ್ಟು ವರ್ಷ ಗೇರಿನ ಪುರಾಣಾ ಕೇಳೇನಿ, ಕಡೀ ಅಧ್ಯಾಯನೂ ಕೇಳಿ ಬಿಡ್ತೇನಿ," ಎಂದಳು.

ರೇಸಿನ ಬಯಲಿನಲ್ಲಿ ನಾನು ಕಂಡದ್ದು ಹೆಚ್ಚಾಗಿ ಜನರ ಹಿಂದಲೆ. ಬಿದಿರಿನ ಬೇಲಿಗೆ ಅಂಟಿಕೊಂಡು ನಿಂತವರು ಬೆಳಗಿನಿಂದಲೇ ಬಂದವರಂತೆ. ಅವರ ಹಿಂದೆ ಎತ್ತರದವರು, ಅವರ ಹಿಂದೆ ಛತ್ರಿ ಹಿಡಿದವರು, ಅವರ ಹಿಂದೆ ನಾನು. ಆಗಾಗ ಎಲ್ಲೋ ಮುಂದೆ ಬುರ್ರೆಂದು ಏನೋ ಹಾದು ಹೋಗುತ್ತಿತ್ತು. ಎಲ್ಲರ ತಲೆಗಳೂ ಎಡದಿಂದ ಬಲಕ್ಕೆ ತಿರುಗುತ್ತಿದ್ದವು. ಅಭಿಮಾನಿಯಾದ ನಾನೂ ತಿರುಗಿಸುತ್ತಿದ್ದೆ. ಧೂಳು ಮಾತ್ರ ಎಲ್ಲರಿಗೂ ಸಮನಾಗಿ ಸಿಕ್ಕಿತು. ಯಾವ ಗೇರು ಹಾಕಿದರೆಂದು ನನ್ನನ್ನು ಯಾರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಅಳುವೇ ಬಂದಂತಾಗಿತ್ತು.

ಆಗ ಕಂಡಿತು, ಗುಂಪಿನ ಹಿಂದೆ ಬೋರಲು ಹಾಕಿದ್ದ ಒಂದು ಖಾಲಿ ಡಾಂಬರಿನ ಡ್ರಮ್ಮು. ಅದರ ಮೇಲೆ ಒಬ್ಬರೇ ನಿಲ್ಲಬಹುದಿತ್ತು. ಧ್ವನಿವರ್ಧಕದಲ್ಲಿ ಕೊನೆಯ ಸುತ್ತೆಂದೂ ಎರಡು ಕಾರುಗಳು ಜೊತೆಜೊತೆಗೇ ಬರುತ್ತಿವೆಯೆಂದೂ ಕೂಗಿದ್ದೇ ತಡ, ನಾನು ಓಡಿದೆ. ಆ ಕಡೆಯಿಂದ ದೋತರ ಎತ್ತಿಕಟ್ಟಿ, ಕರಿ ಟೊಪಗಿಯ ಹಿರಿಯರೊಬ್ಬರೂ ಓಡಿ ಬಂದರು. ಇಬ್ಬರೂ ಡಿಕ್ಕಿ ಹೊಡೆದೆವು.

"ಶಿವ ಶಿವಾ, ಪೆಟ್ಟಾತೇನ್ರಿ?" ಎಂದರು ಅವರು.

ಅವರು ಬೇರೆ ಯಾವ ಭಾಷೆಯಲ್ಲಿ ಮಾತನಾಡಿದ್ದರೂ ನಾನು ಅಷ್ಟರಲ್ಲಿ ಡ್ರಮ್ಮಿನ ಮೇಲಿರುತ್ತಿದ್ದೆ. ಆದರೆ ಪರಸ್ಥಳದಲ್ಲಿ ನಮ್ಮ ಕಡೆಯ ಮಾತು ಕಿವಿಗೆ ಬಿದ್ದ ಮೇಲೆ ಮೊದಲು ಏರುವ ನಾಚಿಕೆಗೇಡಿತನ ಯಾರಿಂದಾದೀತು? ನಾನು ಧಾರವಾಡದವನೆಂದೆ. ಅವರು ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಶಿವಪುತ್ರಪ್ಪನವರು.

"ಏರ್ರಿ ಮತ್ತ, ಲಗೂ," ಎಂದರು.

"ಛೇ ಛೇ, ಹೆಂಗಾಕ್ಕೈತ್ರಿ? ಹಿರ್ಯಾರು ನೀವು ಏರ್ರಿ."

"ಹಿರ್ಯಾರಾದ್ರ ಏನಾತ್ರಿ? ನೀವು ಕಲ್ತಾವ್ರು. ನೋಡಿದ್ರ ನಿಮಗ ತಿಳೀತೈತಿ."

ನಮ್ಮಲ್ಲಿ ಮೊದಲ ಸಲ ಕರೆದಾಗ ಒಲ್ಲೆ ಎನ್ನಬೇಕು. ಎರಡನೆಯ ಸಲವೂ ಒಲ್ಲೆ ಎನ್ನಬೇಕು. ಮೂರನೆಯ ಸಲ, ನಿಮ್ಮ ಮಾತು ಹೆಂಗ ಮೀರೂದ್ರಿ ಎಂದು ಒಪ್ಪಬಹುದು. ನಾನು ಮೂರನೆಯ ಕರೆಗೆ ಕಾಯುತ್ತಿದ್ದೆ. ಶಿವಪುತ್ರಪ್ಪನವರೂ ಅದೇ ಸಂಪ್ರದಾಯದವರಾದ್ದರಿಂದ ಅವರು ನನ್ನ ಮೂರನೆಯ ಕರೆಗೆ ಕಾಯುತ್ತಿದ್ದರು. ಸರಕಾರದವರು ಆಗತಾನೆ ಹುಬ್ಬಳ್ಳಿ, ಧಾರವಾಡ ಎರಡೂ ಊರುಗಳನ್ನು ಸೇರಿಸಿ ಒಂದೇ ನಗರ ಮಾಡಿದ್ದರು; ಯಾವ ಊರಿನವರು ಮುಂದೆ ಎಂಬ ತಕರಾರಿನಲ್ಲಿ ಊರಲ್ಲಿ ಒಂದು ಕೆಲಸವೂ ಸಾಗುತ್ತಿರಲಿಲ್ಲ. ಇಲ್ಲಿಯದು ಅದರ ತಿರುವುಮುರುವು. ನಡುವೆ ಅವರು, "ಧಾರವಾಡದಾಗ ಎಲ್ಲಿ ಇರ್ತೀರಿ? ನಮ್ಮ ತಂಗೀನ ಅಲ್ಲೇ ಕೊಟ್ಟೇವ್ರಿ," ಎಂದರು. ಓಣಿಯ ಹೆಸರು ಹೇಳಿದೆ. ತಂಗಿಯ ಮನೆ ನಮ್ಮ ಹಿಂದಿನ ಓಣಿಯಲ್ಲೇ ಇತ್ತು. ಈಗಂತೂ ಏರುವುದು ಇನ್ನೂ ಕಠಿಣವಾಯಿತು. ಅವರನ್ನು ಏರಿಸಲು ನಾನು ಅವರ ರಟ್ಟೆ ಹಿಡಿದೆ, ನನ್ನನ್ನು ಏರಿಸಲು ಅವರು ನನ್ನ ರಟ್ಟೆ ಹಿಡಿದರು. ಹಾಗೆ ನಾವು ತೆಕ್ಕೆ ಬಿದ್ದಿರುವಾಗಲೇ ಪ್ಯಾಂಟು ತೊಟ್ಟ ದಪ್ಪನೆಯ ಗೃಹಸ್ಥನೊಬ್ಬ ಯಾರನ್ನೂ ಕೇಳದೆ ಡ್ರಮ್ಮು ಏರಿದ. ಬಯಲೆಲ್ಲ ಹೋ ಎಂದಿತು. ಅವನು ಚಪ್ಪಾಳೆ ತಟ್ಟಿ ಇಳಿದು ಹೋದ. ಗೆದ್ದವನ ಹೆಸರು ಜನರ ಗದ್ದಲದಲ್ಲಿ ಮುಳುಗಿತು. ಹುಟ್ಟಾ ಅಭಿಮಾನಿಯಾದವನು, ಯಾರು ಗೆದ್ದರು ಎಂದು ಯಾವ ಮುಖದಿಂದ ಕೇಳಬೇಕು?

"ಛಲೋ ಆತು ನೋಡ್ರಿ," ಎಂದರು ಶಿವಪುತ್ರಪ್ಪನವರು.

"ಭಾಳ ಛಲೋ ಆತ್ರಿ," ಎಂದೆ. ಇಬ್ಬರೂ ಡ್ರಮ್ಮಿನ ನೆರಳಿಗೆ ಕುಳಿತು ಬುತ್ತಿ ಬಿಚ್ಚಿದೆವು.

ಊರಿಗೆ ಬಂದ ಮೇಲೆ ಸುಶೀಲಾಳಿಗೆ, ಯಾರು ಗೆದ್ದರೆಂದು ಎಲ್ಲರ ಮುಂದೆಯೇ ಹೇಳುತ್ತೇನೆಂದು ತಪ್ಪಿಸಿಕೊಂಡೆ. ಒಂದು ಸಂಜೆ ಗೆಳೆಯರೆಲ್ಲ ರೇಸಿನ ಕಥೆ ಕೇಳಲು ನಮ್ಮ ಮನೆಯಲ್ಲಿ ಸೇರಿದರು. ಧೂಳು, ಸದ್ದು, ಗೇರು ಎಲ್ಲವನ್ನೂ ಚೆನ್ನಾಗಿಯೇ ಬಣ್ಣಿಸಿ ಕೊನೆಯ ಸುತ್ತಿಗೆ ಬಂದಿದ್ದೆ. ತಂಗಿಯ ಮನೆಗೆ ಬಂದಿದ್ದ ಶಿವಪುತ್ರಪ್ಪನವರು ಅದೇ ಹೊತ್ತಿಗೆ ನನ್ನನ್ನು ಹುಡುಕಿಕೊಂಡು ಒಳಗೆ ಬಂದರು. ಇವರೂ ನನ್ನೊಡನೆ ಅಲ್ಲಿದ್ದರೆಂದು ಪರಿಚಯ ಮಾಡಿಸಿದೆ.

"ಬರ್ರಿ ಬರ್ರಿ, ಸಾಕ್ಷೀನೂ ಸಿಕ್ಕಂಗಾತು," ಎಂದ ಗುರುಪಾದಪ್ಪ. "ಹೇಳ್ರಿ, ಯಾರು ಗೆದ್ರು?"

"ಹಿರ್ಯಾರು ಬಂದಾರ, ಅವ್ರ ಹೇಳ್ಲಿ," ಎಂದೆ.

"ಛೇ ಛೇ, ಕಲ್ತಾವ್ರು ನೀವ ಹೇಳ್ರಿ," ಎಂದರು ಅವರು.

"ನಿಮ್ಮ ಮುಂದ ನಾ ಹೇಳೂದಂದ್ರ ಹೆಂಗ್ರಿ?"

"ನಿಮ್ಮ ಮನ್ಯಾಗ ನಾ ಹೇಳೂದಂದ್ರ ಹೆಂಗ್ರಿ?"

ಗೆಳೆಯರು ಈ ಸೌಜನ್ಯಕ್ಕೆ ತಲೆದೂಗುತ್ತಿದ್ದರು. ಚಹಾ ತಂದ ಸುಶೀಲಾ ಬಾಗಿಲಲ್ಲೇ ನಿಂತು ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿದಳು.

"ಅಲ್ಲೂ ಹಿಂಗ ಮಾಡ್ಕೋತ ನಿಂತಿದ್ರೇನ್ರಿ ಇಬ್ರೂ?" ಎಂದು ಕೇಳಿದಳು.

ಈ ಪ್ರಶ್ನೆಗೆ ಉತ್ತರ ಕೊಡುವ ಮರ್ಯಾದೆಯನ್ನೂ ನಾನು ಶಿವಪುತ್ರಪ್ಪನವರಿಗೇ ಬಿಟ್ಟುಕೊಟ್ಟೆ.