ಕೂತು ಹೋಗಬಹುದು

ಮರುಭೂಮಿಯ ನಡುವೆ ಇರುವ ನಮ್ಮ ಸರೋವರದ ದಡದಲ್ಲಿ ಚಕ್ರದ ಮೇಲಿನ ಟ್ರೇಲರ್ ಮನೆಗಳಲ್ಲಿ ಬದುಕುವ ನಿವೃತ್ತರ ಕಾಲೊನಿ. ಅಲ್ಲಿನ ನೋಟಿಸ್ ಬೋರ್ಡಿನಲ್ಲಿ ಮಂಗಳವಾರ ಒಂದು ಹಳದಿ ಚೀಟಿ ಕಾಣಿಸಿಕೊಂಡಿತು: 'ಎಪ್ಪತ್ತು ದಾಟಿದವರು ಪ್ಯಾಡಲ್ ಹಲಗೆಯ ಮೇಲೆ ನಿಂತು ಹೋಗಬಾರದು. ಕೂತು ಹೋಗಬಹುದು.' ಕೆಳಗೆ ಸಂಘದ ಅಧ್ಯಕ್ಷೆ ಬರ್ನಡೀನ್ ಕ್ರೌಚ್ ಸಹಿ.

ಕಾಲೊನಿಯಲ್ಲಿ ಎಪ್ಪತ್ತು ದಾಟಿದವರು ಬೇಕಾದಷ್ಟು. ನೀರಿನ ಮೇಲೆ ನಿಂತು ಹುಟ್ಟು ಹಾಕುವ ಅಂಥ ಹಲಗೆ ಇದ್ದವನು ಮಾತ್ರ ಒಬ್ಬನೇ, ವರ್ಲಿನ್ ಸ್ಟಬ್ಸ್. ನೆಬ್ರಾಸ್ಕಾದಲ್ಲಿ ನಲವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು. ನಲವತ್ತು ವರ್ಷವೂ ಕನ್ನಡಿಯಲ್ಲಿ ನೋಡುತ್ತಾ ಮಕ್ಕಳ ಮೇಲೆ "ಕೂತ್ಕೊಳ್ರೋ!" ಎಂದು ಕಿರುಚಿ, ತಾನೂ ಕೂತೂ ಕೂತೂ ಅವನ ಬೆನ್ನು ಸೀಟಿನ ಆಕಾರಕ್ಕೇ ಬಂದಿತ್ತು. ಎಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ಆ ಹಲಗೆ ಅವನು ತನಗೆ ತಾನೇ ಕೊಟ್ಟುಕೊಂಡ ಉಡುಗೊರೆ. ಬೆಳಿಗ್ಗೆ ಕೆಂಪು ಬಂಡೆಗಳ ನೆರಳು ಇನ್ನೂ ನೀರಿನ ಮೇಲಿರುವಾಗ, ಹುಟ್ಟು ಹಿಡಿದು ನೆಟ್ಟಗೆ ನಿಂತು ತೇಲುತ್ತಿದ್ದರೆ ಅವನಿಗೆ ಬೇರೆ ಸ್ವರ್ಗ ಬೇಕಿರಲಿಲ್ಲ.

ಅವನು ಚೀಟಿಯನ್ನು ಕಿತ್ತು, ಹರಿದು, ತುಂಡುಗಳನ್ನು ಅಧ್ಯಕ್ಷೆಯ ಬಾಗಿಲಿಗೇ ಒಯ್ದು ಕೊಟ್ಟ. "ನಿನ್ನ ಬೋರ್ಡನ್ನ ಇನ್ಮೇಲೆ ಸತ್ರೂ ಓದಲ್ಲ!"

ಬರ್ನಡೀನ್ ಜಗ್ಗುವ ಹೆಂಗಸಲ್ಲ. "ಶನಿವಾರ ಸರೋವರದ ನಡುವಿರೋ ಕಿತ್ತಳೆ ಬಣ್ಣದ ತೇಲುಗುಂಡಿನ ತನಕ ನಿಂತ್ಕೊಂಡೇ ಹೋಗಿ ನಿಂತ್ಕೊಂಡೇ ವಾಪಸ್ ಬಾ. ಬಂದ್ರೆ ನಿಯಮ ತೆಗೀತೀನಿ. ಕೂತ್ರೆ, ಬಿದ್ರೆ, ದಿನಾ ಏಳು ಗಂಟೆಗೆ ನನ್ನ ಕ್ಲಾಸಿಗೆ ಬರ್ಬೇಕು."

ಆ ಕ್ಲಾಸೆಂದರೆ ಸೊಂಟಮಟ್ಟದ ಈಜುಕೊಳದಲ್ಲಿ ಹದಿನಾಲ್ಕು ಅಜ್ಜಿಯರು ಬಣ್ಣಬಣ್ಣದ ಸ್ಪಂಜಿನ ದಂಡ ಹಿಡಿದು ಕುಣಿಯುವ ವ್ಯಾಯಾಮ. ವರ್ಲಿನ್‌ಗೆ ಮೈಯೆಲ್ಲ ಉರಿದುಹೋಯಿತು. ಆದರೂ "ಆಗ್ಲಿ" ಎಂದ.

ಶನಿವಾರ ಅವನು ಹೊರಟಾಗ ದಡದ ತುಂಬ ಮಡಚುವ ಕುರ್ಚಿಗಳು. ಬೇಡವೆಂದರೂ ಪಕ್ಕದ ಟ್ರೇಲರಿನ ಲೊವೆಲ್ ಅವನ ಸೊಂಟಕ್ಕೊಂದು ವಾಕಿಟಾಕಿ ಸಿಕ್ಕಿಸಿ, ಅದರ ಜೋಡಿಯನ್ನೂ ದುರ್ಬೀನನ್ನೂ ತಾನು ಹಿಡಿದು ದಡದಲ್ಲಿ ಕೂತ. ನೂರು ಗಜ ದಾಟುವುದರೊಳಗೆ ಸೊಂಟ ಮಾತಾಡತೊಡಗಿತು.

"ವರ್ಲಿನ್, ಮಂಡಿ ಬಗ್ಸು!"

"ಜಾಸ್ತಿ ಬಗ್ಸಬೇಡ, ಕೂತ ಲೆಕ್ಕ ಆಗುತ್ತೆ!" ಇದು ಸ್ಪಂಜಿನ ಗುಂಪಿನ ಟೆಲ್ಮಾ.

"ಟೋಪಿ ಸರಿ ಮಾಡ್ಕೊಳಪ್ಪಾ, ಫೋಟೋ ತೆಗೀತಿದೀನಿ!"

"ಬಾಯ್ಮುಚ್ಕೊಂಡಿರ್ರೋ!" ಎಂದು ಗದರುತ್ತಲೇ ವರ್ಲಿನ್ ತೇಲುಗುಂಡನ್ನು ಮುಟ್ಟಿದ. ಸುತ್ತು ಹಾಕಿ ತಿರುಗಿದ. ಅಷ್ಟರಲ್ಲಿ ಹಲಗೆ ಗರ್‍ರ್ ಎಂದಿತು. ನಿಂತಿತು.

ಹುಟ್ಟು ಇಳಿಸಿ ನೋಡಿದರೆ ಒಂದೇ ಗೇಣಿಗೆ ಮರಳು. ಹಲಗೆಯ ಅಡಿಯ ರೆಕ್ಕೆ ದಿಬ್ಬದಲ್ಲಿ ಹೂತು ಕೂತಿತ್ತು.

ಗುರುವಾರವೇ ಬರ್ನಡೀನ್ ಇನ್ನೊಂದು ಚೀಟಿ ಹಾಕಿದ್ದಳು: ಶನಿವಾರ ಅಣೆಕಟ್ಟೆಯವರು ನೀರು ಇಳಿಸುತ್ತಾರೆ, ದಿಬ್ಬಗಳಿವೆ, ಎಚ್ಚರ. ವರ್ಲಿನ್ ಶಪಥ ಮಾಡಿದವನು, ಓದಿರಲಿಲ್ಲ. ಉಳಿದವರು ಆ ಬೋರ್ಡಿನಲ್ಲಿ ಭಾನುವಾರದ ಊಟಕ್ಕೆ ಯಾರು ಏನು ತರುತ್ತಾರೆ ಎನ್ನುವುದನ್ನು ಬಿಟ್ಟು ಬೇರೇನೂ ಓದುವವರಲ್ಲ.

ಇಳಿದು ತಳ್ಳಿದರೆ ಎರಡು ನಿಮಿಷದ ಕೆಲಸ. ಆದರೆ ಇಳಿದರೆ ಸೋತಂತೆ. ಮೇಲಾಗಿ ಸರೋವರದ ನಟ್ಟನಡುವೆ ಪಾದ ಮುಳುಗುವಷ್ಟು ನೀರಲ್ಲಿ ಅವನು ನಿಂತಿದ್ದನ್ನು ಲೊವೆಲ್ ದುರ್ಬೀನಿನಲ್ಲಿ ನೋಡಿದರೆ, ಸಾಯುವ ತನಕ ಆಡಿಕೊಳ್ಳುತ್ತಾನೆ. ವರ್ಲಿನ್ ಹಲ್ಲು ಕಚ್ಚಿ, ಎದೆಯುಬ್ಬಿಸಿ ನಿಂತ.

ಹತ್ತು ಗಂಟೆಗೆ ಗಾಳಿ ಎದ್ದಿತು. ದಡದ ದೋಣಿಗಳೆಲ್ಲ ಒಂದಕ್ಕೊಂದು ಡಿಕ್ಕಿ ಹೊಡೆದವು, ಕುರ್ಚಿಗಳು ಮಗುಚಿದವು. ವರ್ಲಿನ್ ಮಾತ್ರ ಗೋಡೆಗೆ ಹೊಡೆದ ಮೊಳೆಯ ಹಾಗೆ ಅಲ್ಲಾಡಲಿಲ್ಲ.

"ಅಯ್ಯೋ ದೇವ್ರೇ, ಮಿಸುಕ್ತಾನೇ ಇಲ್ಲ!" ವಾಕಿಟಾಕಿಯಲ್ಲಿ ಲೊವೆಲ್ ಕೂಗಿದ. "ಹಂಗೇ ನಿಂತು ಒಂದು ಗಂಟೆ ಆಯ್ತು!"

"ಈ ಡೊಳ್ಳುಹೊಟ್ಟೆ ಇಟ್ಕೊಂಡು ಅವ್ನೇ ಹಂಗೆ ನಿಲ್ತಾನೆ ಅಂದ್ರೆ, ನಾವ್ಯಾಕೆ ಕೊಳದಲ್ಲಿ ಸ್ಪಂಜು ಹಿಡ್ಕೊಂಡು ಕುಣೀಬೇಕು?" ಎಂದಳು ಟೆಲ್ಮಾ. "ಬರ್ನಡೀನ್, ನಮ್ಗೂ ಹಲಗೇನೇ ಬೇಕು!"

ಬರ್ನಡೀನ್ ತನ್ನ ಪುಟ್ಟ ದೋಣಿ ಹತ್ತಿ ವರ್ಲಿನ್‌ನತ್ತ ಬಂದಳು. ಹತ್ತಿರ ಬರುತ್ತಿದ್ದಂತೆ ಅವಳ ದೋಣಿಯೂ ಗರ್‍ರ್ ಎಂದಿತು. ಅವಳು ಹುಟ್ಟನ್ನು ನೀರಿಗೆ ಇಳಿಸಿ ನೋಡಿದಳು. ಆಮೇಲೆ ವರ್ಲಿನ್‌ನ ಮುಖ ನೋಡಿದಳು.

"ಹೇಳ್ಕೋ ಹೋಗು," ಎಂದ ವರ್ಲಿನ್, ಗಲ್ಲ ಎತ್ತಿ. "ನಾನಂತೂ ಕೂತಿಲ್ಲ."

ಅವಳು ಅವನ ಸೊಂಟದ ವಾಕಿಟಾಕಿ ಎಳೆದುಕೊಂಡಳು. "ಎಲ್ರೂ ಕೇಳಿ. ಇಷ್ಟು ಗಟ್ಟಿಯಾಗಿ ನಿಂತ ಮನುಷ್ಯನ್ನ ನಾನು ನೋಡಿಲ್ಲ. ನಿಯಮ ರದ್ದು. ಸೋಮವಾರದಿಂದ ಏಳು ಗಂಟೆ ಕ್ಲಾಸು ಸರೋವರದ ಮೇಲೆ. ಮೇಷ್ಟ್ರು ವರ್ಲಿನ್!" ದಡದಿಂದ ಬಂದ ಕೇಕೆಗೆ ಬಾತುಗಳು ಹಾರಿಹೋದವು.

"ನಾನು ಒಪ್ಪಲ್ಲ," ಎಂದ ವರ್ಲಿನ್ ಪಿಸುದನಿಯಲ್ಲಿ.

"ಸರಿ," ಎಂದಳು ಬರ್ನಡೀನ್, ಇನ್ನೂ ಮೆಲ್ಲಗೆ. "ಹಂಗಾದ್ರೆ ಇಳ್ದು ನಡ್ಕೊಂಡು ಬಾ."

ವರ್ಲಿನ್ ಆ ಕಡೆ ದಡ ನೋಡಿದ, ಈ ಕಡೆ ನೀರು ನೋಡಿದ. ಅವಳು ಹುಟ್ಟಿನಿಂದ ಹಲಗೆಯನ್ನು ಒಮ್ಮೆ ನೂಕಿದಳು. ಉಳಿದದ್ದನ್ನು ಗಾಳಿ ನೋಡಿಕೊಂಡಿತು. ಅವನು ನಿಂತೇ ದಡ ಸೇರಿದ.

ಸೋಮವಾರ ಬಾಡಿಗೆಯ ಹಲಗೆ ಹಿಡಿದು ಹದಿನಾಲ್ಕು ಅಜ್ಜಿಯರು ಸಾಲಾಗಿ ನಿಂತಿದ್ದರು. ವರ್ಲಿನ್ ಸಹ ತನ್ನ ಹಲಗೆ ತಂದಿದ್ದ. ಬರ್ನಡೀನ್ ಅದನ್ನು ಪಕ್ಕಕ್ಕಿಟ್ಟು, ಅವನ ಕೈಗೊಂದು ಊದುವ ಸೀಟಿ ಕೊಟ್ಟು, ನೋಟಿಸ್ ಬೋರ್ಡಿನತ್ತ ಬೆರಳು ತೋರಿಸಿದಳು. ಶಪಥ ಮುರಿದು ಅವನು ಓದಿದ: 'ಕ್ಲಾಸಿನ ಸಮಯದಲ್ಲಿ ಮೇಷ್ಟ್ರು ಎಲ್ಲರ ಹಿಂದೆ ರಕ್ಷಣಾ ದೋಣಿಯಲ್ಲಿ ಕೂತಿರತಕ್ಕದ್ದು.'

ದೋಣಿಗೆ ಒಂದೇ ಸೀಟು. ಮುಂದೆ ಒಂದು ಪುಟ್ಟ ಕನ್ನಡಿ ಕೂಡ ಇತ್ತು. ನೀರಿನ ಮೇಲೆ ಹದಿನಾಲ್ಕು ಜನ ಒಬ್ಬರನ್ನೊಬ್ಬರು ನೂಕುತ್ತಾ, ಕಿರುಚುತ್ತಾ, ಹಲಗೆಯಿಂದ ಹಲಗೆಗೆ ಮಿಠಾಯಿ ಎಸೆಯುತ್ತಾ ಹೊರಟರು. ಟೆಲ್ಮಾಳ ಹಲಗೆ ವಾಲಿತು. ವರ್ಲಿನ್‌ನ ಬಾಯಿ ಅವನನ್ನು ಕೇಳದೆ ತಾನೇ ತೆರೆಯಿತು: "ಕೂತ್ಕೊಳ್ರೋ!"

"ಕೂರಲ್ಲ!" ಎಂದರು ಹದಿನಾಲ್ಕು ಜನವೂ.