ಬೀಟೆಮರದ ಉರುಳೆ

ಆಷಾಢದ ಆ ಬೆಳಿಗ್ಗೆ ಮಳೆ ಇರಲಿಲ್ಲ, ಗಾಳಿ ಇತ್ತು. ಪಾಲಹಳ್ಳಿಯ ಹುಣಸೆಮರಗಳು ಮೈಮೇಲೆ ದೇವರು ಬಂದವರ ಹಾಗೆ ತಲೆ ಕೆದರಿಕೊಂಡು ತೂಗುತ್ತಿದ್ದವು. ಸುಲ್ತಾನರ ಊಳಿಗಕ್ಕೆ ತಡವಾದ ಆಳುಗಳಂತೆ ಮೋಡಗಳು ಶ್ರೀರಂಗಪಟ್ಟಣದ ಕೋಟೆಯ ಕಡೆಗೆ ಓಡುತ್ತಿದ್ದವು.

ಇಂಥ ಗಾಳಿಗೆ ಮಡುವಿನ ಮೀನು ದಡಕ್ಕೆ ಬರುತ್ತದೆಂಬುದು ಮರಿಸ್ವಾಮಿಯ ನಂಬಿಕೆ. ಆ ನಂಬಿಕೆಯನ್ನು ಅವತ್ತೊಂದು ದಿನ ಮನೆಯಲ್ಲೇ ಬಿಟ್ಟು ಹೊರಟಿದ್ದರೆ ಅವನ ಮಾನ ಉಳಿಯುತ್ತಿತ್ತು.

ಹೆಂಡತಿ ಸೋಮಮ್ಮ ಅವನ ಕಂಕುಳಿಗೆ ಒಂದು ಹುಂಜ ಕೊಟ್ಟಳು. ಕೆಂಪು ಮೈ, ಕರಿ ಬಾಲ, ಕಾಲಿಗೆ ಅರಿಶಿನದ ದಾರ.

"ಇದು ನಮ್ಮ ಕೋಳಿ ಅಲ್ಲ, ಮಾರಮ್ಮನ ಸೊತ್ತು. ಮಗೀಗೆ ಸಿಡುಬು ಎದ್ದಾಗ ಹರಕೆ ಹೊತ್ಕೊಂಡಿದ್ದು. ಹೊಳೇಲಿ ಮೈ ತೊಳ್ಸಿ, ಹೊತ್ತು ಮುಳುಗೋದ್ರೊಳಗೆ ಗುಡಿ ತಾವ ತಕ್ಕೊಂಡ್ ಬನ್ನಿ. ದಾರೀಲಿ ಯಾರ್ ಕುಟ್ಟೂ ಮಾತಿಗ್ ನಿಂತ್ಕಬ್ಯಾಡಿ."

"ನಾನೇನು ಕೂಸಾ?" ಎಂದ ಮರಿಸ್ವಾಮಿ. ಹೊರಡುವಾಗ ಗಾಳದ ಹುರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ.

ಹೊಳೆಯ ದಾರಿಯಲ್ಲೇ ಬಡಗಿ ಕಾಳಪ್ಪಾಚಾರಿಯ ಕೊಟ್ಟಿಗೆ. ಗಾಳದ ಹುರಿ ಸುತ್ತುವ ಉರುಳೆಗಳೆರಡು ಜಗಲಿಯ ಮೇಲಿದ್ದವು. ಒಂದು ಬಿದಿರಿನದು, ಒರಟು. ಇನ್ನೊಂದು ಬೀಟೆಮರದ್ದು, ನಡುವೆ ಹಿತ್ತಾಳೆಯ ಕೀಲು, ಮುಟ್ಟಿದರೆ ಸಾಕು ಬುಗುರಿಯಂತೆ ತಿರುಗುತ್ತಿತ್ತು. ಮರಿಸ್ವಾಮಿಯ ಹುರಿ ಇಷ್ಟು ದಿನ ಒಂದು ಕಡ್ಡಿಗೆ ಸುತ್ತಿಕೊಂಡಿತ್ತು. ಅದು ಬಿಚ್ಚಿಕೊಂಡದ್ದಕ್ಕಿಂತ ಸಿಕ್ಕಾದದ್ದೇ ಹೆಚ್ಚು.

"ಬಿದಿರಿಂದಕ್ಕೆ ಎರಡು ಸೇರು ರಾಗಿ, ಸುಗ್ಗೀಲಿ ಕೊಟ್ರಾಯ್ತು," ಎಂದ ಕಾಳಪ್ಪ. "ಬೀಟೇದು ಸಾಲಕ್ಕಿಲ್ಲ ಕಣಯ್ಯ. ಒಂದು ಒಳ್ಳೆ ಹುಂಜದ ಬೆಲೆ."

ಮರಿಸ್ವಾಮಿ ಬಿದಿರಿನದಕ್ಕೇ ಕೈ ಹಾಕಿದ. ಅಷ್ಟರಲ್ಲಿ ಒನಕೆ ಸರಿಮಾಡಿಸಲು ಬಂದು ಕೂತಿದ್ದ ಪಕ್ಕದ ಮನೆಯ ಬೆಟ್ಟಮ್ಮ ಬಾಯಿ ಹಾಕಿದಳು.

"ಅದನ್ನೇ ತಕ್ಕೊ ಬುಡು ಮರಿಸ್ವಾಮಿ. ಬೀಟೇದೆಲ್ಲಾ ಮೀನು ಹಿಡಿಯೋರ್ಗೆ. ನಿಂಗ್ಯಾಕೆ?"

ಕೈ ತಾನಾಗಿ ಬೀಟೆಯ ಕಡೆ ಸರಿಯಿತು. ಮನಸ್ಸು ಕೂಡಲೇ ಅದಕ್ಕೊಂದು ನ್ಯಾಯ ಹುಡುಕಿತು: ಇಷ್ಟು ಒಳ್ಳೆ ಉರುಳೆಗೆ ದೊಡ್ಡ ಮೀನು ಬಿದ್ದೇ ಬೀಳುತ್ತದೆ, ಮೀನು ಕೊಟ್ಟರೆ ಗೆಳೆಯ ಹೊನ್ನಪ್ಪ ತನ್ನ ಕೆಂಪು ಹುಂಜ ಕೊಡುತ್ತಾನೆ, ಮಾರಮ್ಮ ತಾಯಿಗೆ ಬೇಕಾದ್ದು ಹುಂಜ, ಅದು ಯಾರ ಮನೆಯದಾದರೇನು? ಅವನು ಬೆಟ್ಟಮ್ಮ ಹೋಗುವವರೆಗೆ ಕಾದ. ಕಾಳಪ್ಪ ಅತ್ತ ತಿರುಗಿದಾಗ ಅರಿಶಿನದ ದಾರ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಹುಂಜ ಕೊಟ್ಟು ಉರುಳೆ ಎತ್ತಿಕೊಂಡ.

ಹೊಳೆಯ ದಡದಲ್ಲಿ ಹೊನ್ನಪ್ಪ ಹಳೆಯ ಬಿದಿರಿನ ಉರುಳೆ ಹಿಡಿದು ತೂಕಡಿಸುತ್ತಿದ್ದ. ಪಕ್ಕದ ಬುಟ್ಟಿಯಲ್ಲಿ ಆಗಲೇ ಎರಡು ಮೀನು ಒದ್ದಾಡುತ್ತಿದ್ದವು.

"ಏನ್ಲಾ ಇದು, ಪಲ್ಲಕ್ಕಿ ಗೊಂಬೆ ಇದ್ದಂಗದೆ!"

"ನೋಡ್ತಿರು ಕಣ್ಲಾ," ಎಂದ ಮರಿಸ್ವಾಮಿ.

ತಾಯಿ ದೊಡ್ಡವಳು, ಕೇಳಿದ್ದನ್ನು ಕೊಟ್ಟೇ ಬುದ್ಧಿ ಕಲಿಸುತ್ತಾಳೆ. ನೆತ್ತಿಗೆ ಬಿಸಿಲೇರುವ ಹೊತ್ತಿಗೆ ತೊಡೆ ಗಾತ್ರದ ಮೀನೊಂದು ಗಾಳ ನುಂಗಿತು. ಉರುಳೆ ಗಿರ್ರನೆ ತಿರುಗಿತು. ಎಂಥ ನುಣುಪು, ಎಂಥ ಓಟ! ಹುರಿ ಹೋಯಿತು, ಇನ್ನೂ ಹೋಯಿತು, ಕೊನೆಗೆ ಪೂರ್ತಿಯೇ ಹೋಯಿತು. ಹುರಿಯ ತುದಿಯನ್ನು ಉರುಳೆಗೆ ಕಟ್ಟಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಕಡ್ಡಿಗೆ ಸುತ್ತಿದಾಗ ಆ ಕೆಲಸವನ್ನು ಸಿಕ್ಕೇ ಮಾಡುತ್ತಿತ್ತು. ಮೀನು, ಗಾಳ, ಹುರಿ ಮೂರೂ ಕಾವೇರಿಯ ಪಾಲಾದವು. ಬರಿಯ ಉರುಳೆ ಮಾತ್ರ ಸಂತೋಷದಿಂದ ಇನ್ನೂ ತಿರುಗುತ್ತಲೇ ಇತ್ತು.

ಹೊನ್ನಪ್ಪ ನಕ್ಕು ನಕ್ಕು ಬುಟ್ಟಿಯ ಮೇಲೆಯೇ ಬಿದ್ದ. ಆದರೆ ಮರಿಸ್ವಾಮಿ ಅವನ ಕಾಲು ಹಿಡಿದಾಗ ನಗು ನಿಂತಿತು.

"ಈ ಉರುಳೆ ಇಟ್ಕೊ. ನಿನ್ ಕೆಂಪು ಹುಂಜ ಕೊಟ್ಬುಡೋ. ಯಾಕೆ ಅಂತ ಮಾತ್ರ ಕೇಳ್ಬ್ಯಾಡ."

ಹೊನ್ನಪ್ಪ ಕೇಳಲಿಲ್ಲ, ಮನೆಗೆ ಕರೆದೊಯ್ದು ಕೊಟ್ಟ. ಆ ಹುಂಜದ ಬಾಲವೂ ಕೆಂಪು. ಮರಿಸ್ವಾಮಿ ಅಗಸರು ಬಟ್ಟೆ ಬೇಯಿಸುವ ಒಲೆಯ ಬಳಿ ಕೂತು, ಮಸಿ ತೆಗೆದು ಬಾಲಕ್ಕೆ ಬಳಿದ. ಬಿಚ್ಚಿಟ್ಟಿದ್ದ ಅರಿಶಿನದ ದಾರವನ್ನು ಕಾಲಿಗೆ ಕಟ್ಟಿದ. ಹುಂಜ ಒಂದು ಕಣ್ಣಿನಿಂದ ಅವನನ್ನೇ ನೋಡಿತು. ಅವನು ಮುಖ ತಿರುಗಿಸಿಕೊಂಡ.

ಸಂಜೆ ಗುಡಿಯ ಮುಂದೆ ಅರ್ಧ ಊರೇ ಸೇರಿತ್ತು. ಸೋಮಮ್ಮ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದಳು. ಕೂಸಿನ ಕೆನ್ನೆಯ ಮೇಲೆ ಸಿಡುಬಿನ ಕಲೆಗಳಿದ್ದವು. ಪೂಜಾರಿ ಪುಟ್ಟಸ್ವಾಮಿ ಹುಂಜದ ತಲೆಗೆ ತೀರ್ಥ ಸುರಿದ. ಹರಕೆಯ ಕೋಳಿ ಮೈ ಒದರಿದರೆ ತಾಯಿ ಒಪ್ಪಿದಂತೆ. ಎಲ್ಲರೂ ಉಸಿರು ಹಿಡಿದರು.

ಹುಂಜ ಒದರಿತು. ಎಷ್ಟು ಭಕ್ತಿಯಿಂದ ಒದರಿತೆಂದರೆ ಕಪ್ಪು ಹನಿಗಳು ಪೂಜಾರಿಯ ಮುಖಕ್ಕೆ, ಬೆಟ್ಟಮ್ಮನ ಹೊಸ ಸೀರೆಗೆ, ಗುಡಿಯ ಸುಣ್ಣದ ಗೋಡೆಗೆ ಹಾರಿದವು. ಬಾಲ ಕೆಂಪಗಾಯಿತು.

"ಅಯ್ಯೋ, ಬಣ್ಣದ ಕೋಳಿ!" ಎಂದಳು ಬೆಟ್ಟಮ್ಮ.

ಪುಟ್ಟಸ್ವಾಮಿ ಕಣ್ಣು ಒರೆಸಿಕೊಂಡ. "ಮರಿಸ್ವಾಮಿ, ಅಮ್ಮನ ಮುಂದೆ ನಿಂತಿದ್ದೀಯೆ. ಏನ್ಲಾ ಇದು?"

ಮರಿಸ್ವಾಮಿ ನೆಲ ನೋಡುತ್ತಲೇ ಎಲ್ಲವನ್ನೂ ಹೇಳಿದ. ಸೋಮಮ್ಮ ಕೂಸನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಅವನಿಗೆ ಬೈಗುಳಕ್ಕಿಂತ ಅದು ಹೆಚ್ಚು ತಾಗಿತು.

"ಆಚಾರ್ರೇ, ಹುಂಜ ತಂದ್ಕೊಡಿ. ನಿಮ್ಮ ಉರುಳೆಗೆ ಏನ್ ಬೇಕಾದ್ರೂ ದುಡಿದು ತೀರಿಸ್ತೀನಿ," ಎಂದು ಕಾಳಪ್ಪನ ಕಡೆ ತಿರುಗಿದ.

ಕಾಳಪ್ಪ ತಲೆ ಕೆರೆದುಕೊಂಡ. "ಉರುಳೆ ನಂತಾವೇ ಅದೆ ಕಣಯ್ಯ. ಹುಂಜಾನೇ ಇಲ್ಲ. ನಾವು ತಿನ್ನೋರಲ್ಲ, ಅದು ಕೂಗಿ ಕೂಗಿ ನಮ್ಮನೆಯವಳ ತಲೆ ಕೆಡಿಸ್ಬುಡ್ತು. ಮಧ್ಯಾಹ್ನ ಒಬ್ಬ ಉರುಳೆ ವಾಪಸ್ ತಂದ, ಹುಂಜಾನ ಅವನಿಗೇ ಕೊಟ್ಟು ಕಳಿಸ್ದೆ."

"ಯಾರು?"

ಕಾಳಪ್ಪ ಗುಂಪಿನತ್ತ ನೋಡಿದ. ಹೊನ್ನಪ್ಪನ ಮುಖ ಗಾಳ ನುಂಗಿದ ಮೀನಿನಂತಾಗಿತ್ತು.

"ಆ ಉರುಳೆ ಬರೀ ತಿರುಗ್ತದೆ, ಅದಕ್ಕೆ..." ಎಂದ. ಮುಂದಿನ ಮಾತು ಮೆಲ್ಲಗೆ ಬಂತು. "ನಮ್ಮವ್ವ ಆಗ್ಲೇ ಒಲೆ ಮೇಲೆ ನೀರು ಇಟ್ಟವ್ಳೆ."

ಹೇಳಿದವನೇ ಪಂಚೆ ಮೇಲೆತ್ತಿ ಓಡಿದ. ಇಡೀ ಊರು ಬೀದಿಯ ಕಡೆ ಕತ್ತು ಚಾಚಿ ನಿಂತಿತು. ಹೊತ್ತು ಮುಳುಗುತ್ತಿತ್ತು. ಕಡೆಗೆ ಹೊನ್ನಪ್ಪ ಏದುಸಿರು ಬಿಡುತ್ತಾ ಬಂದ. ಕಂಕುಳಲ್ಲಿ ಕರಿಬಾಲದ ಹುಂಜ, ಕತ್ತಿನ ಬಳಿ ನಾಲ್ಕು ಗರಿ ಕಡಿಮೆ, ಜೀವ ಪೂರ್ತಿ. ತೀರ್ಥ ಬಿದ್ದೊಡನೆ ಅದು ಮೈ ಒದರಿತು. ಸೋಮಮ್ಮ ಕೂಸಿನ ಹಣೆಗೆ ಕುಂಕುಮವಿಟ್ಟಳು.

ಗುಂಪು ಕರಗಿತು. ಕಾಳಪ್ಪನಿಗೆ ಉರುಳೆ ಇತ್ತು, ತಾಯಿಗೆ ಹರಕೆ ಸಂದಿತ್ತು. ಮರಿಸ್ವಾಮಿಗೆ ಮೀನಿಲ್ಲ, ಗಾಳವಿಲ್ಲ, ಹುರಿಯಿಲ್ಲ. ತಲೆ ಎತ್ತಲು ಮುಖವೂ ಇರಲಿಲ್ಲ. ಸೋಮಮ್ಮ ಗಂಡನ ಕಡೆ ನೋಡದೆ, ಹೊನ್ನಪ್ಪನ ಕೆಂಪು ಹುಂಜವನ್ನು ಎತ್ತಿಕೊಂಡಳು. ಸೆರಗಿನ ತುದಿಯನ್ನು ಒದ್ದೆ ಮಾಡಿ ಬಾಲದಲ್ಲಿ ಉಳಿದಿದ್ದ ಮಸಿಯನ್ನೆಲ್ಲಾ ಒರೆಸಿದಳು. ಆಮೇಲೆ ಅದನ್ನು ಹೊನ್ನಪ್ಪನ ಕೈಗೆ ಮೆಲ್ಲನೆ ಕೊಟ್ಟಳು.